ಪದರುಗಲ್ಲಿನಲ್ಲಿ ಉಳಿದ ಸಸ್ಯಾಂಶವೂ ಅದರಿಂದ ತಿಳಿಯುವ ಭೂಮಿಯ ಲೆಕ್ಕವೂ

ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಹೊಲಕ್ಕೆ ಹೊಡೆಯುವ ಪದ್ಧತಿಯು ಕನ್ನಡ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಆ ಹೂಳು ಹೊಲದ ಮಣ್ಣಿಗಿಂತ ಕಪ್ಪಾಗಿ ಕಾಣುವುದಕ್ಕೆ ಕಾರಣವುಂಟು. ಮಳೆಯ ನೀರು ಮಣ್ಣಿನ ಜೊತೆಗೆ ತರಗೆಲೆ, ಹುಲ್ಲಿನ ಬೇರು, ಸಗಣಿ ಮೊದಲಾದುವನ್ನು ಕೊಚ್ಚಿ ತಂದು ಕೆರೆಯ ತಳದಲ್ಲಿ ಸೇರಿಸುವುದು. ಕೆಸರಿನೊಳಗೆ ಗಾಳಿಯ ಸಂಚಾರವಿಲ್ಲದಿರುವುದರಿಂದ ಇವು ಪೂರ್ತಿಯಾಗಿ ಕೊಳೆತು ಹೋಗದೆ ಬಹುಕಾಲ ಉಳಿಯುವುವು. ಹೀಗೆ ಉಳಿದ ಸಸ್ಯಾಂಶ ಮತ್ತು ಪ್ರಾಣ್ಯಂಶಗಳಿಗೆ ಸೇಂದ್ರಿಯ ಪದಾರ್ಥವೆಂದು ಹೆಸರು. ಅದರಲ್ಲಿ ಮುಖ್ಯವಾದ ಧಾತು ಇಂಗಾಲ.

ಯಾರೂ ತೆಗೆಯದೆ ಬಿಟ್ಟ ಹೂಳಿನ ಮೇಲೆ ಮತ್ತೆ ಮತ್ತೆ ಹೂಳು ಬಿದ್ದು, ಸಾವಿರಾರು ಅಡಿಗಳಷ್ಟು ದಪ್ಪವಾಗಿ, ಲಕ್ಷಾಂತರ ವರ್ಷಗಳವರೆಗೆ ಅಮುಕಿದರೆ ಅದೇ ಕಲ್ಲಾಗುವುದು. ಇಂತಹ ಕಲ್ಲುಗಳಿಗೆ ಸ್ತರಶಿಲೆ ಅಥವಾ ಪದರುಗಲ್ಲು ಎಂದು ಹೆಸರು. ಮನೆಯ ನೆಲಕ್ಕೆ ಹಾಸುವ ಶಹಾಬಾದು ಕಲ್ಲು ಹಲಗೆ ಹಲಗೆಯಾಗಿ ಏಳುವುದು ಈ ಕಾರಣದಿಂದಲೇ. ಕೆಸರಿನಲ್ಲಿದ್ದ ಸೇಂದ್ರಿಯ ಪದಾರ್ಥವು ಕಲ್ಲಿನೊಳಗೆ ಕಪ್ಪು ಮಸಿಯಂತೆ ಉಳಿಯುವುದು. ಗಿಡಮರಗಳ ಅಂಶವೇ ರಾಶಿಯಾಗಿ ಬಿದ್ದಿದ್ದ ಸ್ಥಳಗಳಲ್ಲಿ ಕಲ್ಲಿದ್ದಲಾಗಿರುವುದು. ಸಮುದ್ರದ ಸೂಕ್ಷ್ಮ ಜೀವಿಗಳ ಅಂಶವು ಹೆಚ್ಚಾಗಿದ್ದ ಕಡೆಗಳಲ್ಲಿ ಕಲ್ಲೆಣ್ಣೆಯಾಗಿರುವುದು.

ಈ ಮಸಿಯನ್ನು ತೂಗಿ ನೋಡಿ, ಅದು ಯಾವ ಬಗೆಯ ಸಸ್ಯದಿಂದ ಬಂದುದು, ಆ ಕಾಲದಲ್ಲಿ ಆ ಸೀಮೆಯಲ್ಲಿ ಕಾಡಿತ್ತೋ ಹುಲ್ಲುಗಾವಲಿತ್ತೋ ಎಂಬುದನ್ನು ಹೇಳುವ ಒಂದು ಉಪಾಯವು ಕಳೆದ ಶತಮಾನದಲ್ಲಿ ಶಾಸ್ತ್ರಜ್ಞರಿಗೆ ದೊರಕಿತು. ಅದೇ ಉಪಾಯದಿಂದ ಉಳುವ ಹೊಲದ ಮಣ್ಣಿನಲ್ಲಿರುವ ಸತ್ತ್ವವು ಹಿಂದಿನವರ ಕಾಲದ್ದೆಷ್ಟು, ಈಚಿನ ಬೆಳೆಗಳು ಕೂಡಿಸಿದುದೆಷ್ಟು ಎಂಬುದನ್ನೂ ಬಿಡಿಸಿ ಹೇಳಬಹುದು. ಆದಕಾರಣ ಕಲ್ಲಿನ ಶಾಸ್ತ್ರವಾದರೂ ಭೂಮಿಯುಳ್ಳವರು ತಿಳಿಯತಕ್ಕ ವಿಷಯವೇ ಆಗಿರುವುದು.

ಇಂಗಾಲವೆಲ್ಲವೂ ಒಂದೇ ತೂಕದ್ದಲ್ಲ. ಅದರ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 99 ಪಾಲು 12 ತೂಕದವು. ಉಳಿದ ಸುಮಾರು ಒಂದು ಪಾಲು 13 ತೂಕದವು. ಗುಣದಲ್ಲಿ ಎರಡೂ ಇಂಗಾಲವೇ. ಉರಿದರೆ ಎರಡೂ ಇಂಗಾಲಾಮ್ಲವಾಯುವೇ ಆಗುವುವು. ಒಂದೇ ಧಾತುವಿನ ಇಂತಹ ಭಿನ್ನ ತೂಕದ ಪರಮಾಣುಗಳಿಗೆ ಐಸೋಟೋಪುಗಳೆಂದು ಹೆಸರು. ಭಾರವಾದ ಇಂಗಾಲವನ್ನು 1929ರಲ್ಲಿ ಅಮೆರಿಕದ ಕಿಂಗ್ ಮತ್ತು ಬರ್ಜ್ ಎಂಬುವರು ಕಂಡುಹಿಡಿದರು. 14 ತೂಕದ ಮೂರನೆಯದೊಂದುಂಟು; 1940ರಲ್ಲಿ ಬರ್ಕ್ಲಿಯಲ್ಲಿ ಮಾರ್ಟಿನ್ ಕೇಮೆನ್ ಮತ್ತು ಸ್ಯಾಮ್ಯುಯೆಲ್ ರೂಬೆನ್ ಅದನ್ನು ತೋರಿಸಿದರು. ಈ ಮೂರನೆಯದು ಸ್ಥಿರವಲ್ಲ. 5,730 ವರ್ಷಕ್ಕೊಮ್ಮೆ ಅರ್ಧ ಅರ್ಧವಾಗಿ ಕ್ಷಯಿಸುತ್ತ ಹೋಗಿ, ಸುಮಾರು 50,000 ವರ್ಷಗಳಾದ ಮೇಲೆ ಅಳೆಯುವುದಕ್ಕೂ ಸಿಕ್ಕದಷ್ಟಾಗುವುದು. ಹಳೆಯ ಕಲ್ಲುಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಆದುದರಿಂದ ಪದರುಗಲ್ಲಿನ ಲೆಕ್ಕವೆಲ್ಲವೂ 12 ಮತ್ತು 13 ತೂಕದ ಸ್ಥಿರವಾದ ಇಂಗಾಲಗಳ ಪ್ರಮಾಣದ ಮೇಲೆ ನಡೆಯುವುದು.

ಇಷ್ಟು ಸೂಕ್ಷ್ಮವಾದ ತೂಕದ ಭೇದವನ್ನು ತಕ್ಕಡಿಯಿಂದ ತಿಳಿಯುವಂತಿಲ್ಲ. ಕಣದಲ್ಲಿ ರಾಶಿಯನ್ನು ತೂರುವಾಗ ಗಟ್ಟಿ ಕಾಳು ಹತ್ತಿರದಲ್ಲಿ ಬೀಳುವುದು, ಜೊಳ್ಳು ದೂರಕ್ಕೆ ಹಾರುವುದು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ನಡೆಯುವುದೂ ಇಂತಹ ತೂರುವ ಕೆಲಸವೇ. ಪದಾರ್ಥವನ್ನು ಉರಿಸಿ ಬಂದ ಇಂಗಾಲಾಮ್ಲವಾಯುವಿಗೆ ವಿದ್ಯುತ್ತನ್ನು ತುಂಬಿ ಅಯಸ್ಕಾಂತದ ಎದುರಿನಲ್ಲಿ ಹಾಯಿಸಿದರೆ, ಹಗುರವಾದವು ಹೆಚ್ಚಾಗಿ ಬಾಗುವುವು, ಭಾರವಾದವು ಕಡಮೆ ಬಾಗುವುವು. ಬೇರೆ ಬೇರೆ ಕಡೆಗಳಲ್ಲಿ ಬಿದ್ದುವುಗಳನ್ನು ಎಣಿಸಿಕೊಳ್ಳುವರು. 1939ರಲ್ಲಿಯೇ ಆಲ್ಫ್ರೆಡ್ ನಿಯರ್ ಮತ್ತು ಗುಲ್‌ಬ್ರಾನ್ಸನ್ ಎಂಬುವರು ಈ ರೀತಿಯಲ್ಲಿ ಅಳೆದು, ಸುಣ್ಣಕಲ್ಲಿನ ಇಂಗಾಲವು ಭಾರವಾದುದೆಂತಲೂ ಸಸ್ಯಗಳ ಇಂಗಾಲವು ಹಗುರವಾದುದೆಂತಲೂ ತೋರಿಸಿದರು. 1953ರಲ್ಲಿ ಹಾರ್ಮನ್ ಕ್ರೇಗ್ ಎಂಬುವರು ಗಾಳಿ, ಸಸ್ಯ, ಸಮುದ್ರ, ಕಲ್ಲು ಇವೆಲ್ಲವನ್ನೂ ಕ್ರಮವಾಗಿ ಅಳೆದು ಪ್ರಕಟಿಸಿದರು. ಆಗಿನಿಂದ ಈ ವಿಷಯವು ಒಂದು ಶಾಸ್ತ್ರವಾಗಿ ನಿಂತಿತು.

ಇವರು ಮುಂದಿಟ್ಟ ಅಳತೆಯ ಕ್ರಮವು ಈಗಲೂ ಬಳಕೆಯಲ್ಲಿರುವುದು. ಅಳತೆಗೆ ಒಂದು ಮೂಲಮಾನವು ಬೇಕಷ್ಟೆ. ಅಮೆರಿಕದ ದಕ್ಷಿಣ ಕೆರೊಲಿನಾ ಪ್ರಾಂತದ ಪೀ ಡೀ ಎಂಬ ಶಿಲಾಸ್ತರದಲ್ಲಿ ಸಿಕ್ಕಿದ, ಬೆಲೆಮ್ನೈಟ್ ಎಂಬ ಪುರಾತನ ಜಲಚರದ ಕಲ್ಲಾದ ಚಿಪ್ಪನ್ನು ಸೊನ್ನೆಯೆಂದು ಇಟ್ಟುಕೊಂಡರು. ಆ ಚಿಪ್ಪಿನ ಪುಡಿಯು ಮುಗಿದುಹೋದುದರಿಂದ ಈಗ ಅದಕ್ಕೆ ಸಮನಾಗಿ ವಿಯೆನ್ನಾದಲ್ಲಿ ಗೊತ್ತುಮಾಡಿದ ಮಾನವನ್ನು ಬಳಸುವರು. ಈ ಸೊನ್ನೆಗಿಂತ ಭಾರದ ಇಂಗಾಲವು ಸಾವಿರಕ್ಕೆ ಎಷ್ಟು ಪಾಲು ಕಡಮೆಯಿದೆಯೆಂಬುದನ್ನು ಋಣಚಿಹ್ನೆಯಿಂದ ಬರೆಯುವರು. −27 ಎಂದರೆ ಸಾವಿರಕ್ಕೆ 27ರಷ್ಟು ಕೊರತೆ. −13 ಎಂದರೆ 13ರಷ್ಟು ಕೊರತೆ. ಖಾತೆಯಲ್ಲಿ ಬಾಕಿ ಬರೆದಂತೆ ಇದನ್ನು ಓದಿಕೊಂಡರೆ ಗೊಂದಲವಿರುವುದಿಲ್ಲ. ಸಮುದ್ರದಲ್ಲಿ ಆದ ಸುಣ್ಣಕಲ್ಲು ಸಾಧಾರಣವಾಗಿ ಸೊನ್ನೆಯ ಹತ್ತಿರದಲ್ಲಿರುವುದು. ಈಗಿನ ಗಾಳಿಯ ಇಂಗಾಲಾಮ್ಲವಾಯುವು −8.5ರ ಸುಮಾರಿನಲ್ಲಿರುವುದು.

ಇಷ್ಟು ತಿಳಿದ ಮೇಲೆ ರೈತನಿಗೆ ಬೇಕಾದ ಭಾಗವು ಬರುವುದು. ಒಂದೇ ಗಾಳಿಯನ್ನು ಸೇವಿಸಿದರೂ ಭತ್ತದ ಪೈರಿನ ಅಂಕವು −27ರ ಆಸುಪಾಸಿನಲ್ಲಿಯೂ, ರಾಗಿಯ ಪೈರಿನ ಅಂಕವು −13ರ ಆಸುಪಾಸಿನಲ್ಲಿಯೂ ಇರುವುದು. ನಡುವೆ ಹದಿನಾಲ್ಕರ ಅಂತರ. ಭತ್ತದ ಬಗೆಗೆ ಗೋಧಿ, ಹುರುಳಿ, ತೊಗರಿ, ಕಡಲೆ, ನೆಲಗಡಲೆ, ಹತ್ತಿ, ತೆಂಗು, ಅಡಕೆ, ಕಾಫಿ, ಮತ್ತು ಕಾಡಿನ ಮರಗಳು ಸೇರುವುವು. ರಾಗಿಯ ಬಗೆಗೆ ಜೋಳ, ಸಜ್ಜೆ, ಮುಸುಕಿನ ಜೋಳ, ಕಬ್ಬು, ನವಣೆ, ಸಾಮೆ, ಬರಗು, ಹಾರಕ, ಮತ್ತು ಬಿಸಿಲುಸೀಮೆಯ ಹುಲ್ಲುಗಳಲ್ಲಿ ಬಹುಭಾಗವು ಸೇರುವುವು. ದಂಟಿನ ಸೊಪ್ಪೂ ಈ ಪಂಕ್ತಿಯದೇ.

ಈ ಭೇದಕ್ಕೆ ಕಾರಣವು ಎಲೆಯೊಳಗಿನ ವ್ಯವಸ್ಥೆಯಲ್ಲಿದೆ. ಬಯಲಿನಲ್ಲಿ ಬಿಟ್ಟ ದನವು ಎಳೆಯ ಹುಲ್ಲನ್ನು ಆರಿಸಿ ಮೇದು ಬಲಿತುದನ್ನು ಬಿಡುವುದು. ಕೊಟ್ಟಿಗೆಯಲ್ಲಿ ಕಟ್ಟಿ ಅಳೆದು ಮೇವು ಹಾಕಿದರೆ ಇದ್ದುದನ್ನೆಲ್ಲ ತಿಂದು ಮುಗಿಸುವುದು. ಇಂಗಾಲವನ್ನು ಹಿಡಿಯುವ ಕಿಣ್ವವೂ ಹೀಗೆಯೇ. ಭತ್ತದ ಎಲೆಯಲ್ಲಿ ಅದು ಹೊರಗಿನ ಗಾಳಿಗೆ ತೆರೆದಿರುವುದರಿಂದ ಹಗುರವಾದ ಇಂಗಾಲವನ್ನು ಆರಿಸಿಕೊಂಡು ಭಾರವಾದುದನ್ನು ಹಿಂದಕ್ಕೆ ಬಿಡುವುದು. ರಾಗಿಯ ಎಲೆಯಲ್ಲಿ ಮೊದಲು ಬೇರೊಂದು ಕಿಣ್ವವು ಇಂಗಾಲಾಮ್ಲವಾಯುವನ್ನು ಹೆಚ್ಚು ಆರಿಸದೆ ಹಿಡಿದು, ನಾಳಗಳ ಸುತ್ತಲಿನ ಒಳಕೋಣೆಗೆ ತಳ್ಳುವುದು. ಆ ಮುಚ್ಚಿದ ಕೋಣೆಯಲ್ಲಿ ಆರಿಸುವುದಕ್ಕೆ ಅವಕಾಶವು ಕಡಮೆ. ಈ ಎರಡನೆಯ ಮಾರ್ಗವು ಮೊದಲು ಕಬ್ಬಿನ ಎಲೆಯಲ್ಲಿ ಗೊತ್ತಾಯಿತು. 1965ರಲ್ಲಿ ಹವಾಯಿ ದ್ವೀಪದ ಕಾರ್ಟ್‌ಶಾಕ್ ಮತ್ತು ಸಂಗಡಿಗರು ಇದರ ಸೂಚನೆಯನ್ನು ಪ್ರಕಟಿಸಿದರು. 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲಾಕ್ ಎಂಬುವರು ಅದನ್ನು ವಿವರಿಸಿದರು. ಒಳಕೋಣೆಯಲ್ಲಿ ಇಂಗಾಲವು ದಟ್ಟವಾಗಿರುವುದರಿಂದ ರಾಗಿಯು ಎಲೆಯ ರಂಧ್ರಗಳನ್ನು ಅಷ್ಟಾಗಿ ತೆರೆಯಬೇಕಾಗಿಲ್ಲ. ನೀರು ಆವಿಯಾಗಿ ಹೋಗುವುದೂ ಕಡಮೆ. ಬಿಸಿಲಿನಲ್ಲಿ ಭತ್ತವು ಬಾಡುವ ಕಡೆ ರಾಗಿ ಜೋಳಗಳು ತಡೆದು ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಸಸ್ಯವು ಸತ್ತು ಮಣ್ಣಿಗೆ ಸೇರಿದರೂ ಈ ಅಂಕವು ಬಹುಮಟ್ಟಿಗೆ ಹಾಗೆಯೇ ಉಳಿಯುವುದು. ಮಣ್ಣು ಕಲ್ಲಾದರೂ, ಅತಿಯಾದ ಬೇಗೆಗೆ ಸಿಕ್ಕದಿದ್ದರೆ, ಅಂಕವು ಕೆಡುವುದಿಲ್ಲ. ಪದರುಗಲ್ಲಿನ ಸಾಕ್ಷ್ಯಕ್ಕೆ ಬೆಲೆ ಬಂದಿರುವುದು ಇದರಿಂದಲೇ.

ಇದಕ್ಕೆ ಅತ್ಯುತ್ತಮವಾದ ನಿದರ್ಶನವು ಹಿಮಾಲಯದ ಬುಡದಲ್ಲಿರುವ ಶಿವಾಲಿಕ ಬೆಟ್ಟಗಳಲ್ಲಿ ದೊರೆಯುವುದು. ಈ ಬೆಟ್ಟಗಳು ಹಿಮಾಲಯದ ನದಿಗಳು ತಂದು ಹಾಕಿದ ಮರಳು ಮತ್ತು ಮೆಕ್ಕಲುಮಣ್ಣಿನಿಂದಲೇ ಆದುವು. ನದಿಗಳು ದಿಕ್ಕನ್ನು ಬದಲಿಸಿದಾಗ ಬಯಲಾದ ಮೆಕ್ಕಲಿನ ಮೇಲೆ ಗಿಡ ಹುಲ್ಲು ಬೆಳೆದು ಮಣ್ಣಾಗುವುದು. ಮತ್ತೆ ನದಿಯು ಬಂದು ಅದನ್ನು ಮುಚ್ಚುವುದು. ಹೀಗೆ ಹೂತುಹೋದ ಹಳೆಯ ಮಣ್ಣುಗಳು ಒಂದರ ಮೇಲೊಂದು ಅಡುಕಿದಂತೆ ನೂರಾರು ಪದರುಗಳಾಗಿ ಅಲ್ಲಿ ಉಳಿದಿವೆ. ಈಗ ಪಾಕಿಸ್ತಾನಕ್ಕೆ ಸೇರಿದ, ರಾವಲ್ಪಿಂಡಿಯ ಬಳಿಯ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ಜೇ ಕ್ವೇಡ್, ಥೂರ್ ಸರ್ಲಿಂಗ್ ಮತ್ತು ಜಾನ್ ಬೌಮನ್ ಎಂಬ ವಿದ್ವಾಂಸರು ಈ ಪದರುಗಳಿಂದ ಮಾದರಿಗಳನ್ನು ತೆಗೆದು, ತಮ್ಮ ಪರೀಕ್ಷೆಯ ಫಲವನ್ನು 1989ರಲ್ಲಿ ಪ್ರಕಟಿಸಿದರು.

ಅವರು ಮುಖ್ಯವಾಗಿ ಪರೀಕ್ಷಿಸಿದುದು ಹಳೆಯ ಮಣ್ಣಿನೊಳಗಿದ್ದ ಸುಣ್ಣದ ಹರಳುಗಳನ್ನು. ಬಯಲುಸೀಮೆಯ ಎರೆಭೂಮಿಯನ್ನು ಅಗೆದಾಗಲೂ ಇಂತಹ ಬಿಳಿಯ ಹರಳುಗಳು ಸಿಕ್ಕುವುದು ಎಲ್ಲರಿಗೂ ತಿಳಿದುದೇ. ಬೇರುಗಳ ಉಸಿರಿನಿಂದಲೂ ಕೊಳೆಯುವ ಸಸ್ಯಾಂಶದಿಂದಲೂ ಬಂದ ಇಂಗಾಲಾಮ್ಲವಾಯುವು ಮಣ್ಣಿನ ನೀರಿನಲ್ಲಿ ಕರಗಿ ಸುಣ್ಣದೊಡನೆ ಕೂಡಿದಾಗ ಈ ಹರಳು ಕಟ್ಟುವುದು. ಆದಕಾರಣ ಹರಳಿನ ಅಂಕವು ಮೇಲೆ ಬೆಳೆದ ಸಸ್ಯದ ಅಂಕವನ್ನು ಅನುಸರಿಸುವುದು. ವಾಯುವು ಹರಳಾಗುವ ಮಾರ್ಗದಲ್ಲಿ 14ರಿಂದ 16ರಷ್ಟು ಭಾರದ ಕಡೆಗೆ ಸರಿಯುವುದನ್ನು ಮಾತ್ರ ಕಳೆದು ಓದಬೇಕು. ಹಳೆಯ ಪದರುಗಳಲ್ಲಿ ಹರಳುಗಳ ಅಂಕವು −10ರ ಆಸುಪಾಸಿನಲ್ಲಿದ್ದಿತು; ಎಂದರೆ ಮೇಲೆ ಬೆಳೆದುದು ಭತ್ತದ ಬಗೆಯ ಗಿಡಮರ ಪೊದೆಗಳು. ಸುಮಾರು 80 ಲಕ್ಷ ವರ್ಷಗಳಿಂದ ಈಚೆಗೆ ಅಂಕವು ಏರುತ್ತ ಬಂದು, 60 ಲಕ್ಷ ವರ್ಷಗಳ ಸುಮಾರಿಗೆ ಸೊನ್ನೆಯ ಹತ್ತಿರಕ್ಕೆ ಬಂದು ನಿಂತಿತು. ಎಂದರೆ ಕಾಡು ಹಿಂದೆಗೆದು ರಾಗಿಯ ಬಗೆಯ ಹುಲ್ಲು ಬಯಲನ್ನೆಲ್ಲ ಆಕ್ರಮಿಸಿತು. ಹಳೆಯ ಮಣ್ಣಿನಲ್ಲಿ ಉಳಿದಿದ್ದ ಸೇಂದ್ರಿಯ ಪದಾರ್ಥವೂ, ಆ ಕಾಲದ ಕುದುರೆಯ ಜಾತಿಯ ಪ್ರಾಣಿಗಳ ಕಲ್ಲಾದ ಹಲ್ಲುಗಳೂ ಇದೇ ಮಾತನ್ನು ಹೇಳಿದುವು.

ಒಂದು ಪ್ರಸ್ಥಭೂಮಿಯಲ್ಲಿ ಕಂಡುದು ಆ ಸ್ಥಳಕ್ಕೆ ಮಾತ್ರ ಸೇರಿದ ವಿಶೇಷವಿರಬಹುದೆಂದು ಯಾರಾದರೂ ಶಂಕಿಸಬಹುದು. ಶಂಕೆಯು ನ್ಯಾಯವಾದುದೇ. ಅದಕ್ಕೆ ಉತ್ತರವು ಸಮುದ್ರದ ತಳದಿಂದ ಬಂದಿತು. ಗಂಗಾ ಬ್ರಹ್ಮಪುತ್ರಾ ನದಿಗಳು ಬಂಗಾಳಕೊಲ್ಲಿಗೆ ಸುರಿಯುವ ಮೆಕ್ಕಲು ಕೊಲ್ಲಿಯಲ್ಲಿಯೇ ನಿಲ್ಲದೆ, ಸುಮಾರು 3,000 ಕಿಲೋಮೀಟರುಗಳಷ್ಟು ದಕ್ಷಿಣಕ್ಕೆ ಬೀಸಣಿಗೆಯಂತೆ ಹರಡಿರುವುದು. 1987ರಲ್ಲಿ ಜಾಯ್ಡ್ಸ್ ರೆಸಲ್ಯೂಷನ್ ಎಂಬ ಹಡಗಿನಿಂದ, ಶ್ರೀಲಂಕೆಗೆ ದಕ್ಷಿಣದಲ್ಲಿ ಸಮಭಾಜಕವೃತ್ತದ ಹತ್ತಿರ, ಈ ಬೀಸಣಿಗೆಯ ತುದಿಯಲ್ಲಿ ಬೈರಿಗೆಯಿಂದ ಕೊರೆದು ಮಣ್ಣಿನ ಕಂಬಗಳನ್ನು ಎತ್ತಿದರು. ಅದರಲ್ಲಿದ್ದ ಸೇಂದ್ರಿಯ ಪದಾರ್ಥವನ್ನು ಫ್ರಾನ್ಸ್-ಲಾನೋರ್ ಮತ್ತು ಡೆರಿ ಎಂಬುವರು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಫಲವೂ ಶಿವಾಲಿಕದ ಫಲಕ್ಕೆ ಸರಿಹೊಂದಿತು. ಸುಮಾರು 70 ಲಕ್ಷ ವರ್ಷಗಳ ಹಿಂದೆ ನದಿಯು ಹೊತ್ತು ತಂದ ಸಸ್ಯಾಂಶವು ಕಾಡಿನ ಬಗೆಯಿಂದ ಹುಲ್ಲಿನ ಬಗೆಗೆ ತಿರುಗಿದ್ದಿತು. ಹಿಮಾಲಯದ ತಪ್ಪಲಿನಲ್ಲಿ ಉದುರಿದ ಎಲೆಯ ಲೆಕ್ಕವು ಸಾವಿರಾರು ಮೈಲಿ ದೂರದ ಕಡಲ ಕೆಸರಿನಲ್ಲಿ ಅಳಿಸದೆ ಉಳಿದಿರುವುದು ಆಶ್ಚರ್ಯವೇ ಸರಿ.

ಈ ಪಲ್ಲಟಕ್ಕೆ ಕಾರಣವೇನೆಂಬುದರಲ್ಲಿ ಒಮ್ಮತವಿಲ್ಲ. ಗಾಳಿಯಲ್ಲಿ ಇಂಗಾಲಾಮ್ಲವಾಯುವು ಕಡಮೆಯಾದುದರಿಂದ ರಾಗಿಯ ಬಗೆಗೆ ಅನುಕೂಲವಾಯಿತೆಂದು ಕೆಲವರೂ, ಮಳೆಯು ಕೆಲವೇ ತಿಂಗಳಲ್ಲಿ ಸುರಿದು ಉಳಿದ ಕಾಲದಲ್ಲಿ ಒಣಗುವ ಸ್ವಭಾವವು ಬಲವಾದುದರಿಂದಲೆಂದು ಕೆಲವರೂ, ಒಣಗಿದ ಬಯಲಿಗೆ ಬೀಳುವ ಕಾಳ್ಗಿಚ್ಚು ಮರಗಳನ್ನು ಹಿಂದೂಡಿತೆಂದು ಮತ್ತೆ ಕೆಲವರೂ ಹೇಳುವರು. ಇವೆಲ್ಲವೂ ಕೂಡಿಯೇ ಕೆಲಸಮಾಡಿರಬಹುದೆಂಬ ಅಭಿಪ್ರಾಯವು ಯುಕ್ತವಾಗಿ ತೋರುವುದು. ಇಲ್ಲಿ ರಾಗಿಯ ಬಗೆಯೆಂದುದು ಕಾಡುಹುಲ್ಲುಗಳನ್ನು ಕುರಿತು. ಹೊಲದಲ್ಲಿ ಬಿತ್ತುವ ರಾಗಿಯಾದರೋ ಆಫ್ರಿಕದ ಪೂರ್ವಭಾಗದ ಎತ್ತರದ ನಾಡಿನಲ್ಲಿ ಮನುಷ್ಯನು ಪಳಗಿಸಿದ ಬೆಳೆ. ಅದು ಭಾರತಕ್ಕೆ ಬಂದುದು ಈ ಕಾಲಮಾನದಲ್ಲಿ ನೋಡಿದರೆ ನಿನ್ನೆಯ ಮಾತು.

ಕನ್ನಡ ಸೀಮೆಗೆ ಇನ್ನೂ ಹತ್ತಿರದಲ್ಲಿ, ನೀಲಗಿರಿಯ ಮೇಲಿನ ಜೌಗು ಕಣಿವೆಗಳಲ್ಲಿ, ಪೀಟ್ ಎಂಬ ಕಪ್ಪುಮಣ್ಣು ಪದರು ಪದರಾಗಿ ಶೇಖರವಾಗಿದೆ. ಇದು ಇನ್ನೂ ಕಲ್ಲಾಗದ ಸಸ್ಯಾಂಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಭೌತಿಕ ಸಂಶೋಧನಾಲಯದ ಆರ್. ರಮೇಶ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಈ ಶೇಖರದಲ್ಲಿ ಕೆಲವು ಪದರುಗಳು ಭತ್ತದ ಬಗೆಯ ಕಡೆಗೂ ಕೆಲವು ರಾಗಿಯ ಬಗೆಯ ಕಡೆಗೂ ವಾಲಿವೆ. ಮಳೆ ಚೆನ್ನಾಗಿದ್ದ ಕಾಲದಲ್ಲಿ ಮೊದಲನೆಯದೂ, ಶುಷ್ಕವಾದ ಕಾಲದಲ್ಲಿ ಎರಡನೆಯದೂ ಹೆಚ್ಚಿದುವೆಂದು ಅವರು ಅರ್ಥಮಾಡಿದರು. ಮುಂಗಾರು ಎಂದೆಂದಿಗೂ ಒಂದೇ ಸಮನಾಗಿ ಸುರಿದುದಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಅತ್ಯಂತ ಪುರಾತನವಾದ ಕಲ್ಲುಗಳಲ್ಲಿ ಈ ವಿದ್ಯೆಯನ್ನು ಎಚ್ಚರಿಕೆಯಿಂದ ಬಳಸಬೇಕು. ಗ್ರೀನ್‌ಲೆಂಡಿನ ಇಸುವಾ ಎಂಬಲ್ಲಿಯ ಸುಮಾರು 370 ಕೋಟಿ ವರ್ಷಗಳ ಹಿಂದಿನ ಕಲ್ಲುಗಳಲ್ಲಿ ಹಗುರ ಇಂಗಾಲದ ಮಸಿಯು ಸಿಕ್ಕಿರುವುದು. ಅದು ಆದಿಕಾಲದ ಜೀವಿಗಳ ಶೇಷವೆಂದು ಮಿನಿಕ್ ರೋಸಿಂಗ್ ಎಂಬುವರು 1999ರಲ್ಲಿ ವಾದಿಸಿದರು. ಆದರೆ ಅಷ್ಟು ಹಳೆಯ ಕಲ್ಲುಗಳು ಭೂಗರ್ಭದಲ್ಲಿ ಬೆಂದು ಬದಲಾಗಿರುವುದರಿಂದ ಚರ್ಚೆಯು ಮುಗಿದಿಲ್ಲ. ಚಿತ್ರದುರ್ಗದ ಭೀಮಸಮುದ್ರ, ಶಿವಮೊಗ್ಗೆಯ ಕುಂಸಿ ಮೊದಲಾದ ಕಡೆಗಳ ಸುಣ್ಣಕಲ್ಲಿನಲ್ಲಿ, ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿ ಕಟ್ಟಿದ ಗೆರೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು ಕಣ್ಣಿಗೇ ಕಾಣುವುವು. ಅಂತಹ ಕಡೆ ಅಂಕದ ಜೊತೆಗೆ ರೂಪದ ಸಾಕ್ಷ್ಯವೂ ಇರುವುದರಿಂದ ನಂಬಿಕೆಯು ಹೆಚ್ಚು.

ಇನ್ನು ಈ ಕಲ್ಲಿನ ಇಂಗಾಲವನ್ನು ಮನುಷ್ಯನು ಅಗೆದು ಉರಿಸುತ್ತಿರುವ ವಿಷಯ. ಕಲ್ಲಿದ್ದಲು ಕಲ್ಲೆಣ್ಣೆಗಳು ಪುರಾತನ ಜೀವಿಗಳ ಶೇಷವಾದುದರಿಂದ ಅವುಗಳ ಇಂಗಾಲವೂ ಹಗುರವಾದುದೇ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬುವರು 1958ರಲ್ಲಿ ಅಳೆಯುವುದಕ್ಕೆ ಪ್ರಾರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಇಂಗಾಲಾಮ್ಲವಾಯುವು ಸುಮಾರು 315 ಭಾಗವಿದ್ದಿತು. ಈಗ 420ನ್ನು ಮೀರಿರುವುದು. ಹೆಚ್ಚಿದುದು ಎಲ್ಲಿಂದ ಬಂದಿತೆಂಬ ವ್ಯಾಜ್ಯದಲ್ಲಿ ಐಸೋಟೋಪುಗಳೇ ಸಾಕ್ಷಿ ನುಡಿದುವು. ಯಂತ್ರಯುಗಕ್ಕೆ ಮುಂಚೆ −6.5ರ ಸುಮಾರಿನಲ್ಲಿದ್ದ ಗಾಳಿಯ ಅಂಕವು −8.5ರವರೆಗೆ ಇಳಿದಿರುವುದು. ಜ್ವಾಲಾಮುಖಿಗಳ ಇಂಗಾಲವು ಗಾಳಿಯ ಇಂಗಾಲಕ್ಕಿಂತ ಭಾರವಾದುದು; ಅದು ಬೆರೆತಿದ್ದರೆ ಅಂಕವು ಹೀಗೆ ಇಳಿಯುತ್ತಿರಲಿಲ್ಲ. 14 ತೂಕದ ಇಂಗಾಲವಿಲ್ಲದ ಹಳೆಯ ಇಂಗಾಲವು ಗಾಳಿಯಲ್ಲಿ ಬೆರೆಯುತ್ತಿರುವುದನ್ನು ಹಾನ್ಸ್ ಸೂಯೆಸ್ ಎಂಬುವರು 1955ರಲ್ಲಿಯೇ ಮರದ ಉಂಗುರಗಳಿಂದ ತೋರಿಸಿದ್ದರು. ಇಂಗಾಲಾಮ್ಲವಾಯುವು ಹೆಚ್ಚಿದರೆ ಭತ್ತದ ಬಗೆಯ ಪೈರಿಗೆ ಸ್ವಲ್ಪ ಅನುಕೂಲವುಂಟು, ರಾಗಿಯ ಬಗೆಗೆ ಅಷ್ಟಿಲ್ಲ. ಆದರೆ ಜೊತೆಯಲ್ಲಿ ಬರುವ ಸೆಕೆಯೂ ಮಳೆಯ ಏರುಪೇರೂ ಆ ಅನುಕೂಲವನ್ನು ನುಂಗಿಹಾಕುವ ಸಂಭವವಿರುವುದರಿಂದ ಅದನ್ನು ಲಾಭವೆಂದು ಎಣಿಸುವುದು ವಿವೇಕವಲ್ಲ.

ಹೊಲದ ಲೆಕ್ಕವು ಈ ವಿದ್ಯೆಯಲ್ಲಿ ಅತ್ಯಂತ ಉಪಯುಕ್ತವಾದ ಭಾಗ. ಕಾಡನ್ನು ಕಡಿದು ಕಬ್ಬನ್ನೋ ಮುಸುಕಿನ ಜೋಳವನ್ನೋ ಬೆಳೆದ ಭೂಮಿಯನ್ನು ತೆಗೆದುಕೊಳ್ಳೋಣ. ಕಾಡಿನ ಕಾಲದ ಸೇಂದ್ರಿಯ ಪದಾರ್ಥದ ಅಂಕವು −27. ಕಬ್ಬು ಕೂಡಿಸುವುದು −13. ಇಪ್ಪತ್ತು ವರ್ಷಗಳಾದ ಮೇಲೆ ಮಣ್ಣಿನ ಅಂಕವು −20ಕ್ಕೆ ಬಂದಿದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಹದಿನಾಲ್ಕರ ಅಂತರದಲ್ಲಿ ಏಳು ಸರಿದಂತಾಯಿತು. ಎಂದರೆ ಈಗಿರುವ ಇಂಗಾಲದಲ್ಲಿ ಅರ್ಧ ಕಾಡಿನದು, ಅರ್ಧ ಕಬ್ಬಿನದು. ಇಷ್ಟಕ್ಕೇ ನಿಂತರೆ ವಿಷಯವು ಪೂರ್ತಿಯಾಗದು. ಮೊದಲು ಎಕರೆಗೆ 20 ಟನ್ನು ಇಂಗಾಲವಿದ್ದು ಈಗ 12 ಟನ್ನು ಉಳಿದಿದೆಯೆಂದು ಇಟ್ಟುಕೊಳ್ಳೋಣ. ಮೇಲುನೋಟಕ್ಕೆ 8 ಟನ್ನು ಮಾತ್ರ ನಷ್ಟವಾದಂತೆ ತೋರುವುದು. ಆದರೆ 12ರಲ್ಲಿ ಕಾಡಿನದು 6 ಟನ್ನು. ಹಿಂದಿನ 20ರಲ್ಲಿ 14 ಟನ್ನು ಕರಗಿಹೋಗಿರುವುದು. ಇಪ್ಪತ್ತು ವರ್ಷಗಳ ಬೇರು, ಕೂಳೆ, ರವದಿಗಳೆಲ್ಲ ಸೇರಿ ಕೂಡಿಸಿದುದು 6 ಟನ್ನು. ಅಸಲು ಕರಗುತ್ತಿರುವಾಗ ಹೊಸ ಜಮೆಯು ಅದನ್ನು ಮರೆಮಾಡುತ್ತಿರುವುದು ಸಾಧಾರಣ ಮಣ್ಣಿನ ಪರೀಕ್ಷೆಯಿಂದ ಗೊತ್ತಾಗದು. ಐಸೋಟೋಪಿನ ಅಂಕವು ಅಸಲನ್ನೂ ಜಮೆಯನ್ನೂ ಬೇರ್ಪಡಿಸಿ ತೋರಿಸುವುದು.

ಮೇಲಿನ ಸಂಖ್ಯೆಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಮಾತ್ರ. ಆದರೆ ನಿಜವಾದ ಪರೀಕ್ಷೆಗಳು ಹೇಳುವುದೂ ಇದೇ ಧಾಟಿಯನ್ನು. ಬ್ರೆಜಿಲ್ ದೇಶದಲ್ಲಿ ಕಾಡು ಕಡಿದು 12 ವರ್ಷ ಕಬ್ಬು ಬೆಳೆದ ಭೂಮಿಯನ್ನೂ 50 ವರ್ಷ ಬೆಳೆದ ಭೂಮಿಯನ್ನೂ ನೆರೆಯ ಕಾಡಿನ ಮಣ್ಣಿನೊಡನೆ ಹೋಲಿಸಿ ಸೆರಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದರು. ಕಾಡಿನ ಇಂಗಾಲವು ಮೊದಲ ವರ್ಷಗಳಲ್ಲಿ ಬಹು ತೀವ್ರವಾಗಿ ಕರಗಿತು; ಅನಂತರ ವೇಗವು ತಗ್ಗಿತು; 50 ವರ್ಷಗಳಾದ ಮೇಲೂ ಒಂದು ಪಾಲು ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡು ಉಳಿದೇ ಇದ್ದಿತು. ಹೊಸದಾಗಿ ಕಡಿದ ಕಾಡುಭೂಮಿಯಲ್ಲಿ ಗೊಬ್ಬರವಿಲ್ಲದೆಯೇ ಕೆಲವು ವರ್ಷ ಬೆಳೆಯು ಹುಲುಸಾಗಿ ಬಂದು ಆಮೇಲೆ ಕುಗ್ಗುವುದು ಏತಕ್ಕೆಂಬುದಕ್ಕೆ ಇದರಲ್ಲಿಯೇ ಸಮಾಧಾನವಿದೆ. ಮೊದಲು ಕರಗುವ ಪಾಲೇ ಪೈರಿಗೆ ಸಾರಜನಕವನ್ನು ಬಿಟ್ಟುಕೊಡುವ ಪಾಲು. ಆ ವರ್ಷಗಳ ಫಸಲನ್ನು ಭೂಮಿಯ ಸಹಜಶಕ್ತಿಯೆಂದು ನಂಬಿ ಜಮೀನಿನ ಬೆಲೆಯನ್ನೋ ಗುತ್ತಿಗೆಯನ್ನೋ ಗೊತ್ತುಮಾಡುವವರು ಅಸಲನ್ನು ಬಡ್ಡಿಯೆಂದು ಎಣಿಸಿದಂತಾಗುವುದು.

ಕನ್ನಡ ಸೀಮೆಯಲ್ಲಿ ಈ ಪರೀಕ್ಷೆಯು ಎಲ್ಲ ಕಡೆಯೂ ನಡೆಯತಕ್ಕುದಲ್ಲ. ಮಲೆನಾಡಿನಲ್ಲಿ ಕಾಡಿದ್ದಲ್ಲಿ ಅಡಕೆ ಕಾಫಿಗಳನ್ನು ಹಾಕಿದರೆ ಹಳೆಯದೂ ಹೊಸದೂ ಒಂದೇ ಬಗೆಯವಾದುದರಿಂದ ಅಂಕವು ಸರಿಯುವುದಿಲ್ಲ. ಭತ್ತದ ಗದ್ದೆಯನ್ನು ಕಬ್ಬಿಗೆ ತಿರುಗಿಸಿದ ನಾಲೆಯ ಬಯಲಿನಲ್ಲಿಯೂ, ಬಹುಕಾಲ ರಾಗಿ ಬೆಳೆದ ಹೊಲಕ್ಕೆ ತೆಂಗು ಅಡಕೆಗಳನ್ನು ನೆಟ್ಟ ತುಮಕೂರಿನ ಕಡೆಯ ತೋಟಗಳಲ್ಲಿಯೂ ಇದು ಚೆನ್ನಾಗಿ ನಡೆಯುವುದು. ಗೊಬ್ಬರದ ವಿಷಯದಲ್ಲಿಯೂ ಎಚ್ಚರವು ಬೇಕು. ರಾಗಿಯ ಹುಲ್ಲನ್ನು ಮೇದ ದನಗಳ ಕೊಟ್ಟಿಗೆಗೊಬ್ಬರವು ರಾಗಿಯ ಅಂಕವನ್ನೇ ಹೊತ್ತು ಭತ್ತದ ಗದ್ದೆಗೆ ಹೋಗುವುದು. ಗೊಬ್ಬರದ ಚರಿತ್ರೆಯನ್ನು ವಿಚಾರಿಸದೆ ಅಂಕವನ್ನು ಓದಿದರೆ, ಎಂದೂ ರಾಗಿಯನ್ನು ಕಾಣದ ಗದ್ದೆಯಲ್ಲಿ ರಾಗಿ ಬೆಳೆದಿದ್ದಿತೆಂದು ಹೇಳಬೇಕಾಗುವುದು. ಬರದಲ್ಲಿ ಬೆಳೆದ ಭತ್ತದ ಬಗೆಯ ಪೈರಿನ ಅಂಕವು ಒಂದೆರಡು ಏರುವುದೂ, ಮಣ್ಣಿನ ಆಳಕ್ಕೆ ಹೋದಂತೆ ಅಂಕವು ತಾನಾಗಿಯೇ ಸ್ವಲ್ಪ ಏರುವುದೂ ಉಂಟು.

ಇದೇ ಅಂಕದಿಂದ ಜೇನುತುಪ್ಪದ ಕಲಬೆರಕೆಯನ್ನು ಹಿಡಿಯುವರೆಂಬುದನ್ನು ಜೇನು ಸಾಕುವವರು ತಿಳಿದಿರಬೇಕು. ಜೇನುಹುಳುಗಳು ಮಕರಂದವನ್ನು ತರುವ ಹೂಗಳು ಹೆಚ್ಚಾಗಿ ಭತ್ತದ ಬಗೆಯವು; ಕಬ್ಬಿನ ಸಕ್ಕರೆಯೂ ಮುಸುಕಿನ ಜೋಳದ ಪಾಕವೂ ರಾಗಿಯ ಬಗೆಯವು. ಬೆರಸಿದರೆ ಅಂಕವು ಏರಿ ಮೋಸವು ಹೊರಬೀಳುವುದು. ಅಕ್ಕಿಯಿಂದ ಮಾಡಿದ ಪಾಕವನ್ನು ಬೆರಸಿದರೆ ಮಾತ್ರ ಈ ಒಂದು ಪರೀಕ್ಷೆಗೆ ಸಿಕ್ಕುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳುಂಟು.

ಐಸೋಟೋಪಿನ ಯಂತ್ರವು ದೊಡ್ಡ ಸಂಶೋಧನಾಲಯಗಳಲ್ಲಿ ಮಾತ್ರ ಇರುವುದು. ಪ್ರತಿಯೊಬ್ಬ ಭೂಮಾಲಿಕನೂ ಅದನ್ನು ಆಶ್ರಯಿಸಬೇಕಾಗಿಲ್ಲ. ಮಣ್ಣಿನ ಆರೋಗ್ಯದ ಚೀಟಿಯಲ್ಲಿ ಸಾವಯವ ಇಂಗಾಲವೆಂಬ ಒಂದು ಅಂಕಣವಿರುವುದು. ಬಹುಮಂದಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಅಂಕಣಗಳನ್ನು ಓದಿ ಅದನ್ನು ಬಿಟ್ಟುಬಿಡುವರು. ಮೊದಲು ಓದತಕ್ಕುದು ಅದನ್ನೇ. ನೂರಕ್ಕೆ 0.5ಕ್ಕಿಂತ ಕಡಮೆಯಿದ್ದರೆ ಕನಿಷ್ಠವೆಂತಲೂ, 0.5ರಿಂದ 0.75ರವರೆಗೆ ಮಧ್ಯಮವೆಂತಲೂ, ಅದಕ್ಕೆ ಮೇಲ್ಪಟ್ಟರೆ ಉತ್ತಮವೆಂತಲೂ ಎಣಿಸುವರು. ಕನಿಷ್ಠವಿದ್ದ ಕಡೆ ಕೂಳೆಯನ್ನೂ ರವದಿಯನ್ನೂ ಸುಡುವುದನ್ನು ಮೊದಲು ನಿಲ್ಲಿಸಬೇಕು; ಕೊಟ್ಟಿಗೆಗೊಬ್ಬರ, ಕೆರೆಯ ಹೂಳು, ಹೊಂಗೆಯ ಸೊಪ್ಪು, ಅಪ್ಸೆಣಬು ಇವುಗಳಲ್ಲಿ ದೊರೆತುದನ್ನು ವರ್ಷವರ್ಷವೂ ಹಾಕುತ್ತಿರಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆಗೊಬ್ಬರವನ್ನು ಹಾಕಿ ನಿಲ್ಲಿಸಿದ ಬಾರ್ಲಿಯ ತಾಕೊಂದರಲ್ಲಿ, ಎಂದೂ ಗೊಬ್ಬರ ಕಾಣದ ತಾಕಿಗಿಂತ ಹೆಚ್ಚಾದ ಇಂಗಾಲವು ನೂರು ವರ್ಷಗಳ ಮೇಲೂ ಉಳಿದಿದ್ದಿತು. ಉಷ್ಣದೇಶದಲ್ಲಿ ಅಷ್ಟು ಕಾಲ ಉಳಿಯಲಾರದು. ಇಲ್ಲಿಯ ಸೆಕೆಯಲ್ಲಿ ಕೊಳೆಯುವ ಕೆಲಸವು ಬೇಗ ನಡೆಯುವುದು. ಆದುದರಿಂದ ಇಲ್ಲಿ ಸ್ವಲ್ಪಸ್ವಲ್ಪವಾಗಿ ಎಡೆಬಿಡದೆ ಹಾಕುವುದೇ ಸರಿಯಾದ ಕ್ರಮ.

ಪರೀಕ್ಷೆಗೆ ಮಣ್ಣನ್ನು ತೆಗೆಯುವವರು ಹೊಲದ ಎಂಟು ಹತ್ತು ಕಡೆಗಳಲ್ಲಿ, ಮೇಲಿನ ಕಸವನ್ನು ಸರಿಸಿ, 15 ಸೆಂಟಿಮೀಟರು ಆಳದವರೆಗೆ ಗುಳಿಯನ್ನು ತೆಗೆದು, ಗುಳಿಯ ಪಕ್ಕದಿಂದ ಮೇಲಿನಿಂದ ಕೆಳಕ್ಕೆ ಸಮನಾಗಿ ಹೆರೆದ ಮಣ್ಣನ್ನು ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕಿಲೋವನ್ನು ಕಳುಹಿಸಬೇಕು. ಗೊಬ್ಬರದ ಗುಂಡಿಯ ಹತ್ತಿರ, ಮರದ ಬುಡ, ಬದುವಿನ ಪಕ್ಕ ಇವುಗಳಲ್ಲಿ ತೆಗೆಯಬಾರದು. ಎರಡು ಮೂರು ವರ್ಷಗಳಿಗೊಮ್ಮೆ ಅದೇ ಹೊಲದಲ್ಲಿ, ಅದೇ ಕಾಲದಲ್ಲಿ, ಬಿತ್ತನೆಗೆ ಮುಂಚೆ ತೆಗೆದು ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಬೇಕು.